ಬುದ್ಧಿ ಒಪ್ಪಿದರೂ ಮನಸ್ಸು ಒಪ್ಪದಿದ್ದಾಗ

ಹಿಂದಿನ ಸಂಚಿಕೆಯಲ್ಲಿ ಕೋಪದ ಬಗ್ಗೆ ಬಂದಿದ್ದ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತಾ, “ಭಾವನೆಗಳ ಲಗಾಮನ್ನು ಬುದ್ಧಿಯ ಕೈಗೆ ಕೊಡಿ” ಎಂದು ಬರೆದಿದ್ದೆ. ಆ ಒಂದು ವಾಕ್ಯವನ್ನು ಹಿಡಿದುಕೊಂಡು ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಸಾಕಷ್ಟು ಪತ್ರಗಳು ಬಂದಿವೆ. ಒಪ್ಪಿ ಬರೆದವರಿಗಿಂತ ತಕರಾರು ತೆಗೆದವರೇ ಹೆಚ್ಚು ಯೋಚಿಸಿ ಬರೆದಿದ್ದಾರೆ. ಆದ್ದರಿಂದ ಈ ಬಾರಿಯ ಪುಟಗಳನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟು, ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೊಟ್ಟಿಲ್ಲ.

ಪ್ರಶ್ನೆ: ನಾನು ಸಂಸ್ಕೃತ ಅಧ್ಯಾಪಕನಾಗಿ ನಿವೃತ್ತನಾದವನು. ಲಗಾಮನ್ನು ಬುದ್ಧಿಗೆ ಕೊಡಿ ಎಂದು ನೀವು ಸುಲಭವಾಗಿ ಹೇಳಿಬಿಟ್ಟಿರಿ. ಕಠೋಪನಿಷತ್ತಿನ ರಥದ ರೂಪಕದಲ್ಲಿ ಯಾವುದು ಏನೆಂದು ಮತ್ತೊಮ್ಮೆ ನೋಡಿದ್ದೀರಾ?
— ಓದುಗರು, ಮಧುಗಿರಿ

ಉತ್ತರ: ನೋಡಿರಲಿಲ್ಲ, ನಿಮ್ಮ ಪತ್ರ ಬಂದ ಮೇಲೆ ನೋಡಿದೆ. ಆ ರೂಪಕದಲ್ಲಿ ದೇಹ ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ; ರಥದಲ್ಲಿ ಕುಳಿತಿರುವ ಯಜಮಾನ, ಅಂದರೆ ಆತ್ಮ, ಬೇರೆಯೇ. ಅಂದರೆ ಅಲ್ಲಿ ಬುದ್ಧಿಗೆ ವಹಿಸಿರುವುದು ಚಾಕರಿಯೇ ಹೊರತು ಒಡೆತನವಲ್ಲ, ಮತ್ತು ಮನಸ್ಸು ಬುದ್ಧಿಯ ಶತ್ರುವಾಗಿರದೆ ಅದರ ಕೈಯಲ್ಲಿರುವ ಏಕೈಕ ಸಾಧನವಾಗಿದೆ. ಲಗಾಮೇ ಇಲ್ಲದ ಸಾರಥಿ ಎಷ್ಟು ಜಾಣನಾದರೂ ಕುದುರೆಗಳಿಗೆ ಅವನ ಮಾತು ತಲುಪುವುದಿಲ್ಲ.

ನಿಮ್ಮ ಆಕ್ಷೇಪದಿಂದ ನನಗೆ ಇನ್ನೊಂದು ವಿಚಾರವೂ ಹೊಳೆಯಿತು. ಬುದ್ಧಿ ಒಂದು ಕಡೆ, ಭಾವನೆ ಇನ್ನೊಂದು ಕಡೆ ಎಂಬ ವಿಭಾಗವನ್ನು ನಾವು ಪಠ್ಯಪುಸ್ತಕಗಳಿಂದ ಕಲಿತಿದ್ದೇವೆಯೇ ಹೊರತು, ನಮ್ಮ ಆಡುಮಾತು ಅದನ್ನು ಒಪ್ಪಿಕೊಂಡಂತೆ ಕಾಣುವುದಿಲ್ಲ. ಶಾಸ್ತ್ರದಲ್ಲಿ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂಬ ನಾಲ್ಕೂ ಸೇರಿದ ಒಳಗಿನ ಉಪಕರಣಕ್ಕೆ ಅಂತಃಕರಣ ಎಂದು ಹೆಸರು. ಆದರೆ ಕನ್ನಡದಲ್ಲಿ “ಅಂತಃಕರಣವುಳ್ಳ ಮನುಷ್ಯ” ಎಂದರೆ ಕನಿಕರವುಳ್ಳವನು ಎಂದೇ ಅರ್ಥ. ನಾಲ್ಕೂ ಸರಿಯಾಗಿ ಕೂಡಿಕೊಂಡರೆ ಹೊರಗೆ ಕಾಣುವುದು ಕನಿಕರವೇ ಎಂದು ಈ ಭಾಷೆಯನ್ನು ಆಡುತ್ತಾ ಬಂದವರು ತೀರ್ಮಾನಿಸಿರಬೇಕು. “ಬುದ್ಧಿ” ಎಂಬ ಮಾತನ್ನೇ ತೆಗೆದುಕೊಳ್ಳಿ. “ಅವನ ಬುದ್ಧಿಯೇ ಅಂಥದು” ಎಂದಾಗ ನಾವು ಹೇಳುತ್ತಿರುವುದು ಸ್ವಭಾವವನ್ನು, “ಈಗ ಬುದ್ಧಿ ಬಂತು” ಎಂದಾಗ ಪೆಟ್ಟು ತಿಂದು ಕಲಿತ ಪಾಠವನ್ನು. ಲೆಕ್ಕದಲ್ಲಿ ಚುರುಕಾದವನನ್ನು ನಾವು ಕರೆಯುವುದು “ತಲೆ ಇದೆ” ಎಂದು. ನಮ್ಮ ತುಮಕೂರು ಸೀಮೆಯಲ್ಲಿ ಹಳಬರು ಪೂಜ್ಯರನ್ನು ಸಂಬೋಧಿಸುವುದೂ “ಬುದ್ಧೀ” ಎಂದೇ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಮುಂದೆ ಕೈಮುಗಿದು ನಿಂತ ಭಕ್ತರು “ಬುದ್ಧೀ” ಎಂದಾಗ, ಅವರ ಕಣ್ಣ ಮುಂದೆ ಇದ್ದದ್ದು ಸಾವಿರಾರು ಮಕ್ಕಳ ಅನ್ನ ಮತ್ತು ಅಕ್ಷರದ ದಾಸೋಹವೇ ಹೊರತು ತರ್ಕಶಕ್ತಿಯಲ್ಲ.

ಹಾಗಾದರೆ ಲಗಾಮಿನ ಬದಲು ಯಾವ ಹೋಲಿಕೆ ಸರಿ? ನದಿಯನ್ನು ನೆಚ್ಚಿಕೊಳ್ಳಲಾಗದ ನಮ್ಮ ಬಯಲುಸೀಮೆಗೆ ರಥಕ್ಕಿಂತ ಕೆರೆ ಹತ್ತಿರದ್ದು. ಕೆರೆಯ ತೂಬನ್ನು ತೆಗೆದು ಮುಚ್ಚುವ ನೀರುಗಂಟಿಗೆ ನೀರಿನ ಮೇಲೆ ಹಗೆಯಿಲ್ಲ. ಈ ವರ್ಷ ಎಷ್ಟು ನೀರು ನಿಂತಿದೆ, ಅದು ಎಷ್ಟು ಗದ್ದೆಗೆ ಸಾಲುತ್ತದೆ, ಭತ್ತಕ್ಕೆ ಸಾಲದಿದ್ದರೆ ರಾಗಿಗಾದರೂ ಸಾಕೇ ಎಂದು ಊರವರೊಡನೆ ನೋಡಿ, ಆಮೇಲೆ ಸರದಿಯಂತೆ ಬಿಡುವುದು ಅವನ ಕೆಲಸ. ಒಣಗಿದ ಕೆರೆಯ ಏರಿಯ ಮೇಲೆ ನಿಂತ ನೀರುಗಂಟಿಗೆ ಮಾಡಲು ಏನೂ ಇರುವುದಿಲ್ಲ. ನನ್ನ ಹಿಂದಿನ ವಾಕ್ಯವನ್ನು ಹಿಂದಕ್ಕೆ ಪಡೆದು, ಇದನ್ನು ಅದರ ಜಾಗದಲ್ಲಿ ಇಡುತ್ತೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತೆರಡು ವರ್ಷ. ನಾಲ್ಕು ಎಕರೆ ಮಾವಿನ ತೋಟವಿದೆ. ಔಷಧಿ ಮತ್ತು ಕೂಲಿಯ ಖರ್ಚು ಕಳೆದರೆ ಉಳಿಯುವುದು ಅತ್ಯಲ್ಪ, ಕೆಲವು ವರ್ಷ ಅದೂ ಇಲ್ಲ. ಎರಡು ಕೊಳವೆಬಾವಿಗಳು ಬತ್ತಿವೆ. ಈಗ ತೋಟಕ್ಕೆ ಒಳ್ಳೆಯ ಬೆಲೆ ಬಂದಿದೆ. ಮಾರಿ ಬ್ಯಾಂಕಿನಲ್ಲಿಟ್ಟರೆ ಬರುವ ಬಡ್ಡಿಯೇ ಫಸಲಿಗಿಂತ ಹೆಚ್ಚು. ತಂದೆಯವರು “ನಾನಿರುವವರೆಗೆ ಬೇಡ” ಎನ್ನುತ್ತಾರೆ, ಕಾರಣ ಕೇಳಿದರೆ ಸುಮ್ಮನಾಗುತ್ತಾರೆ. ಒಬ್ಬರ ಭಾವನೆಗಾಗಿ ಇಡೀ ಕುಟುಂಬ ನಷ್ಟ ಅನುಭವಿಸಬೇಕೇ?
— ಓದುಗರು, ಶ್ರೀನಿವಾಸಪುರ (ಸದ್ಯ ಬೆಂಗಳೂರು)

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು, ಲೆಕ್ಕ ನಿಮ್ಮ ಕೈಯಲ್ಲಿರುವುದರಿಂದ ಭಾವನೆ ತಂದೆಯವರ ಪಾಲಿಗೆ ಮಾತ್ರ ಬಂದಿದೆ ಎಂದುಕೊಂಡಿರುವುದರಲ್ಲಿ. ನೀವು ಮಾರಬೇಕೆನ್ನುವುದು ಏಕೆ? ನಷ್ಟವಾಗುತ್ತದೆ ಎಂದು. ನಷ್ಟವಾದರೆ ಏನಾಗುತ್ತದೆ? ಮಕ್ಕಳ ಶುಲ್ಕ, ಮನೆಯ ಸಾಲ, ನಾಳೆ ತಂದೆಯವರೇ ಆಸ್ಪತ್ರೆ ಸೇರಿದರೆ ಬೇಕಾಗುವ ಹಣ. ಇದು ಅಂಜಿಕೆ, ಹೊಣೆಯರಿತ ಮಗನಿಗೆ ಇರಬೇಕಾದ ಅಂಜಿಕೆಯೇ, ಆದರೂ ಅದು ಭಾವನೆಯೇ. ತರ್ಕ ತಾನಾಗಿ ಯಾರನ್ನೂ ಕೆಲಸಕ್ಕೆ ಹಚ್ಚುವುದಿಲ್ಲ, ಅದು ಭಾವಗಳ ಬೆನ್ನಿಗೆ ನಿಂತು ದಾರಿ ತೋರುತ್ತದೆ ಅಷ್ಟೆ ಎಂದು 18ನೇ ಶತಮಾನದ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ವಾದಿಸಿದ್ದ. ಅವನ ಮಾತನ್ನು ಪೂರ್ತಿ ಒಪ್ಪಬೇಕಾಗಿಲ್ಲವಾದರೂ, ನಿಮ್ಮ ಮನೆಯ ವಿಷಯದಲ್ಲಿ ಅದು ನಿಜ. ಅಲ್ಲಿ ಎದುರುಬದುರಾಗಿರುವುದು ಎರಡು ಭಾವನೆಗಳು. ಒಂದಕ್ಕೆ ಅಂಕಿ ಅಂಶಗಳ ಬೆಂಬಲವಿದೆ, ಇನ್ನೊಂದಕ್ಕೆ ಬಾಯಿಯಿಲ್ಲ.

ಆ ಬಾಯಿಯಿಲ್ಲದ ಭಾವನೆ ಏನನ್ನು ತಿಳಿದಿದೆ ಎಂದು ವಿಚಾರಿಸುವುದು ಬುದ್ಧಿಯ ಕೆಲಸ. ಬೆಳಿಗ್ಗೆ ಎದ್ದು ಹೋಗಲು ಅವರಿಗೆ ಒಂದು ಜಾಗವಿದೆ. ಹೂ ಬಿಟ್ಟ ಕಾಲಕ್ಕೆ ವ್ಯಾಪಾರಿ ಬಂದು ಮರ ನೋಡಿ ಬೆಲೆ ಹೇಳಿದಾಗ, ಚೌಕಾಸಿ ಮಾಡಿ “ಆಗಲ್ಲ ಹೋಗಯ್ಯ” ಎನ್ನುವ ಅಧಿಕಾರ ಊರಿನಲ್ಲಿ ಅವರಿಗೆ ಇನ್ನೂ ಇದೆ. ಇವೆಲ್ಲ ಮಾರಾಟವಾದ ಮರುದಿನ ಇರುವುದಿಲ್ಲ, ಮತ್ತು ಬ್ಯಾಂಕಿನ ಬಡ್ಡಿ ಇವುಗಳಲ್ಲಿ ಯಾವುದನ್ನೂ ತಂದುಕೊಡುವುದಿಲ್ಲ. ನಿಮ್ಮ ಲೆಕ್ಕದ ಹಾಳೆಯಲ್ಲಿ ಬಿಟ್ಟುಹೋಗಿರುವ ಸಾಲುಗಳು ಇವು. ಹಾಗೆಂದು ತಂದೆಯವರ ಮೌನವೆಲ್ಲ ವಿವೇಕವೆಂದು ನಾನು ಹೇಳುವುದಿಲ್ಲ. “ಹಿರಿಯರ ಆಸ್ತಿ ಮಾರಿ ತಿಂದ” ಎಂಬ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಇರುವ ಮೊನಚು ನಿಮಗೂ ಗೊತ್ತು. ಅವರನ್ನು ತಡೆಯುತ್ತಿರುವುದು ತೋಟದ ಮೇಲಿನ ಅಕ್ಕರೆಗಿಂತ ಆ ಮಾತಿನ ಭಯವೇ ಇರಬಹುದು. ಹಾಗಿದ್ದರೆ ಅದು ಮಾತನಾಡಿ ಕರಗಿಸಬಹುದಾದದ್ದು.

“ಏಕೆ ಬೇಡ?” ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಕೊಡಲು ಅವರು ನಿಮ್ಮ ಭಾಷೆಯಲ್ಲಿ ಮಾತನಾಡಬೇಕಾಗುತ್ತದೆ, ಸೋಲುತ್ತಾರೆ, ಸೋತು ಹಟ ಹಿಡಿಯುತ್ತಾರೆ. ತೋಟಕ್ಕೆ ಹೋಗಿ, ಅವರ ಜೊತೆ ಒಂದು ಸುತ್ತು ಹಾಕಿ, ಯಾವ ಮರವನ್ನು ಯಾರು ನೆಟ್ಟರು ಎಂದು ಕೇಳಿ. ಅಲ್ಲಿಂದ ಮಾತು ತಾನೇ ಮುಂದಕ್ಕೆ ಹೋಗುತ್ತದೆ.

ದಾರಿಗಳು ಎರಡೇ ಅಲ್ಲ ಎಂಬುದನ್ನೂ ಗಮನಿಸಿ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಬಂದಾಗ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಆ ವ್ಯವಸ್ಥೆಯಲ್ಲಿ ಪಹಣಿಯಲ್ಲಿನ ಹೆಸರು ಹಾಗೆಯೇ ಉಳಿಯಿತು. (ಸ್ವಂತ ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಬರಲಿಲ್ಲ, ಕೆಲಸವೂ ಉಳಿಯಲಿಲ್ಲ ಎಂಬ ದೂರು ನ್ಯಾಯವಾದದ್ದೇ, ಆದರೆ ಅದು ಬೇರೆ ಚರ್ಚೆ.) ಮಾರುವುದು ಮತ್ತು ನಷ್ಟಪಡುವುದರ ನಡುವೆ ಜಾಗವಿದೆ ಎನ್ನುವುದಕ್ಕಾಗಿ ಇದನ್ನು ಹೇಳಿದೆ. ಫಸಲನ್ನು ಗುತ್ತಿಗೆಗೆ ಕೊಡುವುದು, ಒಂದು ಎಕರೆಯನ್ನಷ್ಟೇ ಮಾರುವುದು, ಇಂಥವನ್ನು ಯೋಚಿಸಿ. ತಲೆಯ ಮೇಲೆ ಬಡ್ಡಿ ಬೆಳೆಯುವ ಸಾಲವಿದ್ದರೆ ನನ್ನ ಮಾತು ಬೇರೆ, ಆಗ ಮಾರಲೇಬೇಕಾಗಬಹುದು. ಸಾಲವಿಲ್ಲದಿದ್ದರೆ, ಅವರು ತೋಟಕ್ಕೆ ನಡೆದುಹೋಗುವಷ್ಟು ಕಾಲ ತೋಟ ಇರಲಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಎಡ ಮಿದುಳು ಬುದ್ಧಿಗೆ, ಬಲ ಮಿದುಳು ಭಾವನೆಗೆ ಎಂದು ಮಕ್ಕಳು ಟಿಪ್ಪಣಿಗಳಲ್ಲಿ ಬರೆದುಕೊಂಡು ಬರುತ್ತಾರೆ. ಇದಕ್ಕೆ ಆಧಾರವಿದೆಯೇ?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಗೌರಿಬಿದನೂರು

ಉತ್ತರ: ಅರ್ಧ ಸತ್ಯವನ್ನು ಎಳೆದು ಉದ್ದ ಮಾಡಿದ ಮಾತಿದು. ಮಿದುಳಿನ ಎರಡು ಭಾಗಗಳ ನಡುವಿನ ಸಂಪರ್ಕವನ್ನು ಚಿಕಿತ್ಸೆಗಾಗಿ ಕತ್ತರಿಸಿದ್ದ ರೋಗಿಗಳನ್ನು ಅಧ್ಯಯನ ಮಾಡಿದ ರೋಜರ್ ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ಬಹುಮಾನ ಬಂತು. ಹೆಚ್ಚಿನ ಜನರಲ್ಲಿ ಭಾಷೆಯ ಕೆಲಸ ಮುಖ್ಯವಾಗಿ ಎಡಭಾಗದಲ್ಲಿ ನಡೆಯುತ್ತದೆ ಎಂಬುದು ನಿಜ. ಆದರೆ ಅದರಿಂದ ಬುದ್ಧಿ ಎಡಕ್ಕೆ, ಭಾವನೆ ಬಲಕ್ಕೆ ಎಂದಾಗುವುದಿಲ್ಲ. ಭಯದಂಥ ಭಾವಗಳಲ್ಲಿ ಮುಖ್ಯ ಪಾತ್ರ ವಹಿಸುವ ಬಾದಾಮಿಯಾಕಾರದ ಅಮಿಗ್ಡಲ ಎರಡೂ ಪಾರ್ಶ್ವಗಳಲ್ಲಿದೆ.

ಎಡ-ಬಲಕ್ಕಿಂತ ಹಣೆಯ ಹಿಂದಿನ ಭಾಗದ ಕತೆಯನ್ನು ಮಕ್ಕಳಿಗೆ ಹೇಳಿ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುತ್ತಿದ್ದಾಗ, ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಎಡಗೆನ್ನೆಯ ಕೆಳಗಿನಿಂದ ನುಗ್ಗಿದ ಮೂರೂವರೆ ಅಡಿಗೂ ಉದ್ದದ ಕಬ್ಬಿಣದ ಸಲಾಕೆ ನೆತ್ತಿಯಿಂದ ಹೊರಬಂತು. ಅವನು ಸಾಯಲಿಲ್ಲ, ಮಾತು, ನೆನಪು ಉಳಿದವು. ಆದರೆ ಅವನು ಮೊದಲಿನ ಗೇಜ್ ಅಲ್ಲ ಎಂದು ಪರಿಚಿತರು ಹೇಳತೊಡಗಿದರು. ಈ ಕತೆಯನ್ನು ಹೇಳುವವರು ಮುಂದೆ ಬಣ್ಣ ಹಚ್ಚಿದ್ದೂ ಉಂಟು. ಅವನು ಆಮೇಲೆ ಚಿಲಿಯಲ್ಲಿ ವರ್ಷಗಟ್ಟಲೆ ಸಾರೋಟು ಓಡಿಸಿ ದುಡಿದ ಎಂಬುದನ್ನು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ.

ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರಲ್ಲಿ ವಿವರಿಸಿದ ರೋಗಿಯ ಪ್ರಕರಣ. ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯ ನಂತರ ಆತನ ಬುದ್ಧಿಮತ್ತೆಯ ಪರೀಕ್ಷೆಗಳು ಚೆನ್ನಾಗಿಯೇ ಇದ್ದವು, ತರ್ಕ ಸರಿಯಾಗಿತ್ತು. ತನ್ನದೇ ದುರಂತವನ್ನು ಬೇರೆ ಯಾರದೋ ಎಂಬಂತೆ ಶಾಂತವಾಗಿ ಹೇಳುತ್ತಿದ್ದ. ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸಲಾರದೆ ಉದ್ಯೋಗ, ಉಳಿತಾಯ, ಸಂಸಾರ ಎಲ್ಲವನ್ನೂ ಕಳೆದುಕೊಂಡ. ಭಾವನೆ ತೊಲಗಿದರೆ ಬುದ್ಧಿ ಹರಿತವಾಗುತ್ತದೆ ಎಂದುಕೊಂಡವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಯಾವುದೂ ಮುಖ್ಯವೆನಿಸದವನಿಗೆ ಎಲ್ಲ ಆಯ್ಕೆಗಳೂ ಒಂದೇ ತೂಕ.

ಅದೇ ತಂಡದವರು ಇಸ್ಪೀಟಿನಂಥ ಎಲೆಗಳ ನಾಲ್ಕು ಕಟ್ಟುಗಳನ್ನಿಟ್ಟು ಪ್ರಯೋಗ ನಡೆಸಿದರು. ಎರಡು ಕಟ್ಟುಗಳು ದೊಡ್ಡ ಲಾಭ ತೋರಿಸಿ ಅದಕ್ಕಿಂತ ದೊಡ್ಡ ನಷ್ಟ ಮಾಡುವಂಥವು. ಆರೋಗ್ಯವಂತರ ಅಂಗೈ ಆ ಕಟ್ಟುಗಳ ಕಡೆ ಚಾಚುವ ಮುನ್ನವೇ ಸಣ್ಣಗೆ ಬೆವರುತ್ತಿತ್ತು. ಕಾರಣ ಬಾಯಿಗೆ ಬಂದದ್ದು ಆಮೇಲೆ ಎಂದು ಅವರು ವರದಿ ಮಾಡಿದರು. ಅಷ್ಟು ಮುಂಚೆ ನಿಜಕ್ಕೂ ತಿಳಿವು ಇರಲಿಲ್ಲವೇ ಎಂದು ಬೇರೆ ಸಂಶೋಧಕರು ಆಕ್ಷೇಪಿಸಿದ್ದಾರೆ, ಆ ವಾದ ಮುಗಿದಿಲ್ಲ. ಆದರೆ ನಿಮ್ಮ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಾಲ್ಕು ಗೂಡು ಹಿಡಿದು ಅಲ್ಲಾಡಿಸಿ, ಬೆರಳಲ್ಲಿ ಒತ್ತಿ, “ಈ ಲಾಟು ಬೇಡ” ಎಂದು ಮುಂದೆ ಹೋಗುವ ನೂಲು ಬಿಚ್ಚುವವರನ್ನು ನೋಡಿದವರಿಗೆ ಕೈಯ ತಿಳಿವು ಹೊಸತೇನಲ್ಲ. ಅದು ಮಾಯವೂ ಅಲ್ಲ. ಹಿಂದೆ ತಿಂದ ನಷ್ಟಗಳೆಲ್ಲ ಆ ಬೆರಳುಗಳಲ್ಲಿ ಕೂತಿವೆ.

ನಿಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ಮಕ್ಕಳಿಗೆ ಪರಿಚಯಿಸಿ ಎಂದೂ ಹೇಳಬೇಕೆನಿಸಿತು. ಭೌತವಿಜ್ಞಾನಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಪ್ರಶ್ನಿಸದೆ ಯಾವುದನ್ನೂ ಒಪ್ಪದವರು; ಅಂಥವರು ಜೀವನವನ್ನು ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಹುಡುಗರ ನಡುವೆ ಕಳೆದರು. ಅದನ್ನು ಎಡ ಮಿದುಳಿನ ನಿರ್ಧಾರವೆಂದು ಬರೆದುಕೊಳ್ಳುವುದೇ, ಬಲ ಮಿದುಳಿನದೆಂದೇ ಎಂದು ಮಕ್ಕಳನ್ನೇ ಕೇಳಿ ನೋಡಿ.

ಪ್ರಶ್ನೆ: ಗಂಡಸರು ಬುದ್ಧಿಯಿಂದ, ಹೆಂಗಸರು ಭಾವನೆಯಿಂದ ನಡೆಯುತ್ತಾರೆ ಎಂದು ನಮ್ಮ ಮನೆಯಲ್ಲಿ ಮಾತುಮಾತಿಗೂ ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?
— ಗೃಹಿಣಿ, ತಿಪಟೂರು

ಉತ್ತರ: ಕೊಬ್ಬರಿಯ ಬೆಲೆ ಬಿದ್ದ ದಿನ ನಿಮ್ಮ ಮನೆಯಲ್ಲಿ ತಟ್ಟೆ ದೂಡಿ ಎದ್ದುಹೋಗುವವರು ಯಾರು, ಆ ತಿಂಗಳ ದಿನಸಿಯನ್ನು ಹೇಗೆ ಹೊಂದಿಸುವುದೆಂದು ಕೂತು ಲೆಕ್ಕ ಹಾಕುವವರು ಯಾರು ಎಂದು ಗಮನಿಸಿ. ಅಳುವನ್ನು ಭಾವನೆಯ ಪಟ್ಟಿಗೆ ಸೇರಿಸಿ, ಸಿಟ್ಟನ್ನು ಆ ಪಟ್ಟಿಯಿಂದ ಉಪಾಯವಾಗಿ ಕೈಬಿಟ್ಟಿರುವುದರಿಂದ ಹುಟ್ಟಿದ ಮಾತು ಇದು. ಇದಕ್ಕೆ ಹೆಚ್ಚು ಜಾಗ ಕೊಡುವ ಅಗತ್ಯ ಕಾಣುತ್ತಿಲ್ಲ.

ಪ್ರಶ್ನೆ: ನೀಟ್ ಪರೀಕ್ಷೆಗೆ ಎರಡನೇ ಸಲ ತಯಾರಾಗುತ್ತಿದ್ದೇನೆ. ಮನೆಯಲ್ಲಿ ಓದುವಾಗ ಎಲ್ಲ ಬರುತ್ತದೆ, ಮಾದರಿ ಪರೀಕ್ಷೆಯಲ್ಲಿ ಕೂತರೆ ಎದೆ ಹೊಡೆದುಕೊಂಡು ಗೊತ್ತಿರುವುದೂ ಮರೆತುಹೋಗುತ್ತದೆ. “ಭಾವನೆಗಳನ್ನು ಮನೆಯಲ್ಲಿಟ್ಟು ಬಾ” ಎಂದು ನಮ್ಮ ಶಿಕ್ಷಕರು ಹೇಳುತ್ತಾರೆ. ಹೇಗೆ ಇಟ್ಟು ಬರುವುದು?
— ವಿದ್ಯಾರ್ಥಿನಿ, ತುಮಕೂರು

ಉತ್ತರ: ಇಟ್ಟು ಬರಲು ಆಗುವುದಿಲ್ಲ, ಪ್ರಯತ್ನಿಸಲೂ ಬೇಡ. ಲೆಕ್ಕ ಬಿಡಿಸುವಾಗ ಮಧ್ಯದ ಅಂಕಿಗಳನ್ನು ಹಿಡಿದಿಟ್ಟುಕೊಳ್ಳಲು ಮನಸ್ಸಿನಲ್ಲಿ ಒಂದು ಚಿಕ್ಕ ಹಲಗೆಯಷ್ಟೇ ಜಾಗವಿದೆ. ಭಯ ಬಂದಾಗ “ಈ ಸಲವೂ ಹೋಯಿತು”, “ಅಪ್ಪ ಕಟ್ಟಿದ ದುಡ್ಡು” ಎಂಬ ಮಾತುಗಳು ಅದೇ ಹಲಗೆಯ ಮೇಲೆ ಬರೆದುಕೊಳ್ಳುತ್ತವೆ. ಗೊತ್ತಿದ್ದದ್ದು ಅಳಿಸಿಹೋಗಿಲ್ಲ, ಅದಕ್ಕೆ ಜಾಗ ಸಿಗುತ್ತಿಲ್ಲ. ಭಾವನೆಯನ್ನು ಒತ್ತಿಹಿಡಿಯುವುದಕ್ಕೂ ಆ ಹಲಗೆಯೇ ಬೇಕು. ಮುಖದಲ್ಲಿ ಏನೂ ತೋರಿಸದಂತೆ ಭಾವವನ್ನು ಅದುಮಿಟ್ಟುಕೊಂಡವರಿಗೆ ಆಗ ಕೇಳಿದ, ಕಂಡ ವಿವರಗಳ ನೆನಪು ಕಡಿಮೆಯಾಗುತ್ತದೆ ಎಂದು ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ಸಹೋದ್ಯೋಗಿಗಳ ಪ್ರಯೋಗಗಳು ತೋರಿಸಿವೆ.

ಬದಲಿಗೆ ಇದನ್ನು ಮಾಡಿ ನೋಡು. ಮುಂದಿನ ಮಾದರಿ ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಒಂದು ಹಾಳೆಯಲ್ಲಿ ನಿನ್ನ ಭಯವನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆ. ಅಕ್ಷರ ಚೆನ್ನಾಗಿರಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ, ಬರೆದು ಹರಿದುಹಾಕು. ಪರೀಕ್ಷೆಗೆ ಮುಂಚೆ ಹೀಗೆ ಬರೆದ ಅಂಜುಬುರುಕ ವಿದ್ಯಾರ್ಥಿಗಳ ಅಂಕಗಳು ಸುಧಾರಿಸಿದ್ದನ್ನು 2011ರಲ್ಲಿ ಇಬ್ಬರು ಸಂಶೋಧಕರು ವರದಿ ಮಾಡಿದ್ದಾರೆ. ಎಲ್ಲರಿಗೂ ಫಲಿಸುತ್ತದೆ ಎಂದು ಮಾತು ಕೊಡಲಾರೆ. ಖರ್ಚು ಒಂದು ಹಾಳೆ ಮಾತ್ರ. ಎದೆ ಹೊಡೆದುಕೊಳ್ಳುವುದನ್ನು ಸೋಲಿನ ಸೂಚನೆ ಎಂದು ಓದಬೇಡ, ಓಟಕ್ಕೆ ಮುಂಚೆ ಓಟಗಾರರಿಗೂ ಅದು ಹೊಡೆದುಕೊಳ್ಳುತ್ತದೆ. ಇನ್ನು, ಅಪ್ಪ ಕಟ್ಟಿದ ದುಡ್ಡಿನ ವಿಷಯವನ್ನು ನಿನ್ನ ಪತ್ರದಲ್ಲಿ ಮೂರು ಕಡೆ ಬರೆದಿದ್ದೀಯೆ. ಅದನ್ನು ಅಪ್ಪನ ಹತ್ತಿರವೇ ಒಮ್ಮೆ ಮಾತನಾಡು. ನೀನು ಊಹಿಸಿಕೊಂಡಿರುವ ಉತ್ತರ ಅವರ ಬಾಯಿಂದ ಬರಲಿಕ್ಕಿಲ್ಲ.

ಪ್ರಶ್ನೆ: ನಾನು ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದವನು, 2001ರಲ್ಲಿ ಗಣಿ ಮುಚ್ಚುವವರೆಗೂ ಇದ್ದೆ. ನಾಲ್ಕು ತಿಂಗಳ ಹಿಂದೆ ನನ್ನ ಹೆಂಡತಿ ತೀರಿಕೊಂಡಳು. ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮಗಳು “ಅಪ್ಪ ಕಲ್ಲು” ಎನ್ನುತ್ತಾಳೆ. ನನ್ನಲ್ಲಿ ಏನಾದರೂ ಕೆಟ್ಟಿದೆಯೇ?
— ಓದುಗರು, ಬಂಗಾರಪೇಟೆ

ಉತ್ತರ: ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಆ ಗಣಿಗಳಲ್ಲಿ ಬಂಡೆ ಸಿಡಿಯುವುದು ಅಪರೂಪವಾಗಿರಲಿಲ್ಲ. ಜೊತೆಯವನಿಗೆ ಪೆಟ್ಟಾದ ಮರುದಿನವೂ ಗಣಿಗೆ ಇಳಿಸುವ ಪಂಜರವನ್ನು ಹತ್ತಿ ಕೆಳಗಿಳಿಯಬೇಕಾಗಿದ್ದವರಿಗೆ ಎದೆಯ ಮಾತನ್ನು ಒತ್ತಟ್ಟಿಗೆ ಇಡುವುದು ಹೊಟ್ಟೆಪಾಡಿನ ವಿದ್ಯೆಯಾಗಿತ್ತು. ಗಣಿ ಮುಚ್ಚಿತು, ನಿಮ್ಮೊಳಗಿನ ಆ ಅಭ್ಯಾಸಕ್ಕೆ ಮಾತ್ರ ಯಾರೂ ನಿವೃತ್ತಿ ಕೊಡಲಿಲ್ಲ. ಅದನ್ನು ಕಲ್ಲು ಎನ್ನುವುದು ಮಗಳ ದುಃಖದ ಮಾತು, ನಿಮ್ಮ ಬಗೆಗಿನ ತೀರ್ಪಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನನ್ನ ತಾಯಿ ಹೋದಾಗ ಬಂಧುಗಳಿಗೆ ತಿಳಿಸುವುದರಿಂದ ಹಿಡಿದು ಹದಿಮೂರನೇ ದಿನದ ಅಡುಗೆಯವರ ಲೆಕ್ಕದವರೆಗೆ ಎಲ್ಲವನ್ನೂ ನಾನೇ ನಿಭಾಯಿಸಿದೆ, ಕಣ್ಣು ಒದ್ದೆಯಾಗಲಿಲ್ಲ, ಗಟ್ಟಿ ಮನುಷ್ಯ ಎಂದು ನೆಂಟರು ಹೊಗಳಿದರು. ನಾನೂ ಒಳಗೊಳಗೆ ಬೀಗಿದ್ದೆ. ಏಳೆಂಟು ತಿಂಗಳಾದ ಮೇಲೆ ಅಟ್ಟದ ಮೇಲೆ ಬೇರೇನನ್ನೋ ಹುಡುಕುವಾಗ ಅವಳ ಮುದ್ದೆ ತೊಳಸುವ ಕೋಲು ಕೈಗೆ ಸಿಕ್ಕಿತು. ಅವಳ ಕೈ ಹಿಡಿಯುತ್ತಿದ್ದ ಜಾಗ ಸವೆದು ನುಣುಪಾಗಿತ್ತು. ಅಟ್ಟದ ಮೇಲೆ ಕೂತು ಎಷ್ಟು ಹೊತ್ತು ಅತ್ತೆನೋ ತಿಳಿಯದು. ಮನಶ್ಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಹೇಳಿದ ಬುದ್ಧಿ ಆಗ ಯಾವ ಕೆಲಸಕ್ಕೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಮೇಲೆ ನೀರುಗಂಟಿಯ ಮಾತು ಬರೆದಾಗ ಒಂದು ವಿವರ ಬಿಟ್ಟಿದ್ದೆ: ಕೆರೆಗೆ ತೂಬಿನ ಜೊತೆಗೆ, ತುಂಬಿದ ನೀರು ತಾನಾಗಿ ಹೊರಹರಿಯುವ ಕೋಡಿಯೂ ಇರುತ್ತದೆ, ಅದು ಯಾವಾಗ ಹರಿಯಬೇಕೆಂಬುದು ನೀರುಗಂಟಿಯ ಕೈಯಲ್ಲಿಲ್ಲ.

ಆದ್ದರಿಂದ ಅಳು ಬಂದಿಲ್ಲವೆಂದು ಅಳುವ ಪ್ರಯತ್ನ ಮಾಡಬೇಡಿ. ನಿದ್ದೆ, ಊಟ ಹೇಗಿದೆ ಎಂದು ನೀವು ಬರೆದಿಲ್ಲ. ಅವು ಕೆಟ್ಟಿದ್ದರೆ, ಬದುಕು ಸಾಕೆನಿಸುತ್ತಿದ್ದರೆ, ತಡಮಾಡದೆ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಅವು ಸರಿಯಾಗಿದ್ದರೆ, ಹೆಂಡತಿಯ ಪೆಟ್ಟಿಗೆಯನ್ನು ತೆರೆದು ಸೀರೆಗಳನ್ನು ಯಾರಿಗೆ ಕೊಡುವುದೆಂದು ತೀರ್ಮಾನಿಸುವ ಕೆಲಸ ಇನ್ನೂ ಬಾಕಿ ಇದೆ ಎಂದು ಬರೆದಿದ್ದೀರಲ್ಲ, ಅದನ್ನು ಒಬ್ಬರೇ ಮಾಡಬೇಡಿ. ಮಗಳು ಬಂದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಸೀರೆಯನ್ನು ಯಾವಾಗ ತಂದದ್ದೆಂದು ನಿಮಗೆ ನೆನಪಿರುವಷ್ಟನ್ನು ಹೇಳಿ.